ತಾಮ್ರದ ಕೊಳವೆಗೆ ಖಂಡೇಪೂಜೆ

ಶನಿವಾರ ಬಂತೆಂದರೆ ಕಲ್ಮೇಶ ಗ್ಯಾರೇಜಿನ ಬಾಗಿಲು ಹಾಕಿಕೊಂಡು ಒಂದು ತಾಸು ಏನು ಮಾಡುತ್ತಾನೆ ಅಂತ ಅಮೆರಿಕದ ಲಾರೆನ್ಸ್‌ವಿಲ್ಲಿನ ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಗಂಡಸು ಗ್ಯಾರೇಜಿನಲ್ಲಿದ್ದರೆ ಕೆಲಸದಲ್ಲಿದ್ದಾನೆ ಅಂತಲೇ ತಿಳಿಯಬೇಕಲ್ಲ! ಅವನು ಮಾಡುತ್ತಿದ್ದದ್ದು ಒಂದು ಕೊಳವೆಯ ಸೇವೆ. ಗೇಣುದ್ದವೂ ಇಲ್ಲದ ತಾಮ್ರದ ಕೊಳವೆ, ಮೇಲೊಂದು ಕೆಳಗೊಂದು ಹಿತ್ತಾಳೆ ಬಳೆ, ಒಳಗೆ ಹೆಬ್ಬೆರಳಿನಷ್ಟು ಬ್ಯಾಟರಿ. ಅಡಿಯ ಗುಂಡಿ ಒತ್ತಿದರೆ ತುದಿಯ ತಂತಿ ಕೆಂಪಗಾಗಿ, ಹತ್ತಿಯಲ್ಲಿ ಇಂಗಿದ ನಿಕೋಟಿನ್ ರಸ ಕುದಿದು, ಮಾವಿನಹಣ್ಣಿನ ವಾಸನೆಯ ಬಿಳಿ ಆವಿ ಬಾಯಿಗೆ ಬರುತ್ತದೆ. ವೇಪ್ ಅಂತಾರಲ್ಲ, ಅದೇ.

ತಾಮ್ರದ ಸ್ವಭಾವ ಗೊತ್ತೇ ಇದೆ, ನಾಲ್ಕು ದಿನ ಕೈಬಿಟ್ಟರೆ ಮುಖ ಕಪ್ಪಿಟ್ಟುಕೊಂಡು ಕೂತುಬಿಡುತ್ತದೆ. ಕಲ್ಮೇಶ ಹಳೇ ಬನಿಯನ್ನಿನ ಚೂರಿಗೆ ಕಡಲೆಕಾಳಿನಷ್ಟು ಪಾಲಿಶ್ ಹಚ್ಚಿಕೊಂಡು, ಬಟ್ಟೆ ಕರ್ರಗಾಗುವವರೆಗೆ ಉಜ್ಜುತ್ತಿದ್ದ. ಕಿವಿಯ ಹತ್ತಿಕಡ್ಡಿಯಿಂದ ಮರೆಯ ಸಂದುಗಳ ಕೊಳೆ ತೆಗೆಯುತ್ತಿದ್ದ. ಕೊನೆಗೆ ಬೆರಳಚ್ಚು ಕೂರಬಾರದೆಂದು ತೆಳ್ಳಗೆ ಮೇಣ. ಅಷ್ಟು ಮುತುವರ್ಜಿಯಲ್ಲಿ ಅರ್ಧ ಹೆಂಡತಿಯ ಕಡೆ ತಿರುಗಿಸಿದ್ದರೆ ನಮ್ರತಾ ಅವನನ್ನು ಹೊತ್ತು ಮೆರೆಸುತ್ತಿದ್ದಳು!

ಆದರೆ ಹೊಳಪು ನೋಡುವ ಕಣ್ಣಿಗೆ ಬೇರೆ ಎರಡು ವಿಷಯ ಕಂಡೂ ಕಾಣದಂತಿದ್ದವು. ಅಡಿಯಲ್ಲಿ ಮೂರು ಸೂಜಿತೂತುಗಳಿದ್ದವು, ಬ್ಯಾಟರಿ ಕಾದರೆ ಗಾಳಿ ಹೊರಹೋಗಲಿ ಅಂತ ಮಾಡಿದ್ದು. ಅವುಗಳಲ್ಲಿ ಮೇಣ ಮೆತ್ತಿಕೊಂಡಿತ್ತು. ಬ್ಯಾಟರಿಯ ಪ್ಲಾಸ್ಟಿಕ್ ಅಂಗಿ ಒಂದು ಕಡೆ ಹರಿದಿತ್ತು, ಅದಕ್ಕೊಂದು ಟೇಪು ಸುತ್ತಿಟ್ಟಿದ್ದ. ಹರಿದ ಜಾಗ ತಾಮ್ರಕ್ಕೆ ತಗುಲಿದರೆ ಕೈಯಲ್ಲಿ ಪಟಾಕಿ ಹಿಡಿದಂತೆ ಅಂತ ಅಂಗಡಿಯವನು ಸಾರಿ ಸಾರಿ ಹೇಳಿದ್ದ. ಮುಂದಿನ ಶನಿವಾರ ಹೊಸದು ಹಾಕಿದರಾಯಿತು ಅಂದುಕೊಂಡೇ ಆರು ಶನಿವಾರ ಕಳೆದಿದ್ದವು.

ಅಡಗಿಸಿಡುವುದೇಕೆ ಅಂತೀರಾ? ಅಲ್ಲೇ ಇರುವುದು ಮುಳ್ಳು. ಕೊರೊನಾದ ಎರಡನೇ ವರ್ಷ ಗದಗಿನಲ್ಲಿ ಅಪ್ಪ ಸೋಮಲಿಂಗಪ್ಪ ತೀರಿಕೊಂಡಾಗ ಇವನಿಗೆ ಹೋಗಲಾಗಲಿಲ್ಲ. ಬೀಡಿ ಅಪ್ಪನ ಎದೆಯನ್ನು ಮೊದಲೇ ಸುಟ್ಟಿತ್ತು, ಉಳಿದದ್ದನ್ನು ರೋಗ ಮುಗಿಸಿತು. ಆಗ ಅವ್ವ ಶಾಂತಾಬಾಯಿ ವಿಡಿಯೋ ಕಾಲಿನಲ್ಲಿ ಮಗನಿಗೆ ಒಂದೇ ಮಾತು ಹೇಳಿದಳು: "ನೀನೂ ಸೇದ್ತಿ ಅಂತ ನನಗ ಗೊತ್ತೈತಿ. ಕೂಸಿನ ತಲಿ ಮ್ಯಾಲ ಕೈ ಇಟ್ಟು ಆಣಿ ಮಾಡು." ಎರಡು ವರ್ಷದ ಶ್ರಾವಣಿಯ ನೆತ್ತಿಯ ಮೇಲೆ ಕೈಯಿಟ್ಟು ಅವನು ಆಣೆ ಮಾಡಿದ, ಇನ್ನು ಹೊಗೆ ಬಾಯಿಗೆ ತಗೊಳ್ಳಂಗಿಲ್ಲ ಅಂತ. ನಮ್ರತಾ ಪಕ್ಕದಲ್ಲೇ ನಿಂತು ಕೇಳಿದ್ದಳು.

ಒಂದು ವರ್ಷ ಗಟ್ಟಿಯಾಗಿದ್ದ. ಆಮೇಲೆ ಈ ಕೊಳವೆ ಬಂತು. ಹೊಗೆ ಅಲ್ಲ, ಉಗಿ ಅಂತ ತನಗೆ ತಾನೇ ವಕೀಲಿ ಮಾಡಿಕೊಂಡ. ಆಣೆ ಹೊಗೆಗೆ ಮಾಡಿದ್ದು, ಉಗಿಗಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವಾಗಲೂ ಇಷ್ಟು ಕಾನೂನು ಮಾತಾಡುವುದಿಲ್ಲ ಬಿಡಿ. ಆದರೆ ಮಗುವಿಗೆ ಸಣ್ಣ ಜ್ವರ ಬಂದರೂ ಇವನ ಕೈಕಾಲು ತಣ್ಣಗಾಗುತ್ತಿದ್ದವು. ಉಗಿಯೇ ಆಗಿದ್ದರೆ ಅಷ್ಟು ಹೆದರಿಕೆ ಯಾಕಂತೆ?

ಅವ್ವ ಆರು ತಿಂಗಳಿಗೆಂದು ಬಂದಿಳಿದದ್ದು ಸೆಪ್ಟೆಂಬರಿನಲ್ಲಿ. ಅಕ್ಟೋಬರಿನಲ್ಲಿ ಮಹಾನವಮಿ, ಅದೂ ಶನಿವಾರವೇ ಬಂತು. ನಮ್ಮ ಕಡೆ ಅಂದು ಖಂಡೇಪೂಜೆ. ಕುಡುಗೋಲಿನಿಂದ ಹಿಡಿದು ತಕ್ಕಡಿಯವರೆಗೆ, ಹೊಟ್ಟೆಗೆ ಅನ್ನ ಹಾಕುವ ಯಾವ ಸಾಮಾನನ್ನೂ ಬಿಡದೆ ತೊಳೆದು, ವಿಭೂತಿ ಕುಂಕುಮ ಹಚ್ಚಿ ಕೈಮುಗಿಯಬೇಕು. ಬೆಳಿಗ್ಗೆ ಎದ್ದವಳೇ ಅವ್ವ ಮಗನನ್ನು ಇಂಡಿಯನ್ ಸ್ಟೋರಿಗೆ ಅಟ್ಟಿದಳು, ಬೂದುಗುಂಬಳಕಾಯಿ, ಲಿಂಬೆಹಣ್ಣು, ಚೆಂಡುಹೂವು ತಾ ಅಂತ.

ಹನ್ನೊಂದಕ್ಕೆ ಅವನು ಬಂದ. ಕುಂಬಳಕಾಯಿ ಬಗಲಲ್ಲಿಟ್ಟುಕೊಂಡೇ, ಪೂಜೆಗೆ ಮುಂಚೆ ಒಂದು ದಮ್ಮು ಎಳೆದುಬಿಡೋಣ ಅಂತ ಗ್ಯಾರೇಜಿಗೆ ಹೊಕ್ಕ. ಟೂಲ್‌ಬಾಕ್ಸ್ ಬಾಯಿ ತೆರೆದು ಕೂತಿತ್ತು. ಸ್ಪ್ಯಾನರ್ ಇಲ್ಲ, ಸುತ್ತಿಗೆ ಇಲ್ಲ. ಕೆಳಗಿನ ಖಾನೆಯಲ್ಲಿ ಬಟ್ಟೆ ಸುತ್ತಿಟ್ಟಿದ್ದ ಕೊಳವೆಯೂ ಇಲ್ಲ, ಬಟ್ಟೆ ಮಾತ್ರ ನೀಟಾಗಿ ಮಡಚಿಟ್ಟಿತ್ತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಇವನು ಕುಂಬಳಕಾಯಿ ಹೊತ್ತುಕೊಂಡೇ ಜೇಬು ಮುಟ್ಟಿ ನೋಡಿಕೊಂಡ. ಕಂಡುಬಿಟ್ಟಳೇ ಅವ್ವ? ನಮ್ರತಾಗೆ ತೋರಿಸಿದಳೇ? ಏನು ಹೇಳಲಿ? ಗೆಳೆಯನದು ಅನ್ನಲೇ?

"ಕಲ್ಲಪ್ಪಾ, ಬಂದೇನೋ? ಬಾ, ನೋಡ ಬಾ!" ಒಳಗಿನಿಂದ ಅವ್ವನ ದನಿ. ಸಿಟ್ಟಿರಲಿಲ್ಲ ಅದರಲ್ಲಿ, ಹಿಗ್ಗಿತ್ತು.

ನಡುಮನೆಯಲ್ಲಿ ಕಂಬಳಿ ಹಾಸಿ ಎಲ್ಲವನ್ನೂ ಸಾಲಾಗಿ ಜೋಡಿಸಿದ್ದಳು. ಕಾರಿನ ಕೀಲಿ, ನಮ್ರತಾಳ ಲ್ಯಾಪ್‌ಟಾಪ್, ಸುತ್ತಿಗೆ, ಶ್ರಾವಣಿಯ ಕ್ರೇಯಾನ್ ಡಬ್ಬಿ. ನಡುವೆ ಬಟ್ಟಲು ತುಂಬಾ ಅಕ್ಕಿ, ಅಕ್ಕಿಯಲ್ಲಿ ನೆಟ್ಟಗೆ ನಿಂತ ತಾಮ್ರದ ಕೊಳವೆ. ಮೂರು ಬೆರಳ ವಿಭೂತಿ, ಕುಂಕುಮ, ಕೊರಳಿಗೊಂದು ಹಳದಿ ದಾರ. ಬಟ್ಟಲಿಗೆ ಮೂಗು ತಾಗುವಷ್ಟು ಹತ್ತಿರ ಶ್ರಾವಣಿ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ನಮ್ರತಾ ಅಡುಗೆಮನೆಯಲ್ಲಿ ಹೋಳಿಗೆ ಬೇಯಿಸುತ್ತಿದ್ದಳು.

"ನಿನ್ನ ಆಫೀಸಿಂದಿರಬೇಕು ಅಂದ್ಕೊಂಡೆ. ಎಷ್ಟ ಛಂದ ಸಾಮಾನ, ಹಂಗ ಬಟ್ಯಾಗ ಸುತ್ತಿ ಒಗದಿಯಲ್ಲೋ! ಹುಣಸಿಹಣ್ಣು ಉಪ್ಪು ಹಚ್ಚಿ ತಿಕ್ಕೀನಿ, ನಳದ ಕೆಳಗ ತೊಳದೀನಿ. ಬುಡದಾಗಿನ ಬಳಿ ಬಿಗಿಯಾಗಿತ್ತು, ತಿರುವಿ ತಿರುವಿ ಸಡ್ಲ ಮಾಡಿ ತಿಕ್ಕೀನಿ. ನಿಲ್ಲವಲ್ತಾಗಿತ್ತು, ಅದಕ್ಕ ಅಕ್ಯಾಗ ಒತ್ತಿ ನಿಲ್ಲಿಸೀನಿ ನೋಡು."

ಬುಡದ ಬಳೆ ಅಂದರೆ ಗುಂಡಿಯ ಬೀಗ. ಅದು ಸಡಿಲಾದರೆ ಗುಂಡಿಗೆ ತಡೆಯಿಲ್ಲ. ಅಕ್ಕಿಯಲ್ಲಿ ಒತ್ತಿ ನಿಲ್ಲಿಸಿದರೆ ಗುಂಡಿ ಒತ್ತಿಕೊಂಡೇ ಇದೆ. ನೀರು ಒಳಹೊಕ್ಕಿದೆ, ಅಂಗಿ ಹರಿದಿದೆ, ತೂತು ಮೂರೂ ಮುಚ್ಚಿವೆ. ಇಷ್ಟನ್ನೂ ಕಲ್ಮೇಶ ಒಂದೇ ಉಸಿರಿನಲ್ಲಿ ಲೆಕ್ಕ ಹಾಕಿದ. ಸಿಕ್ಕಿಬೀಳುವ ಹೆದರಿಕೆ ಎತ್ತಲೋ ಹೋಗಿ, ಅದರ ಜಾಗದಲ್ಲಿ ಬೇರೊಂದು ಬಂದು ಕೂತಿತು.

ತುದಿಯಿಂದ ಬಿಳಿ ಎಳೆಯೊಂದು ಎದ್ದಿತು. ಮಾವಿನಹಣ್ಣಿನ ವಾಸನೆ.

"ಅಯ್ ಶಿವನ! ತಾನ ಧೂಪ ಹಾಕ್ತೈತಿ!" ಅಂತ ಅವ್ವ ಕೈಮುಗಿದಳು.

"ಅಜ್ಜಿ, ಇಟ್ಸ್ ಹಾಟ್! ಹೊಗಿ ಬರ್ತಿದೆ!" ಶ್ರಾವಣಿ ಬೆರಳು ಚಾಚಿದಳು.

ವಾಸನೆ ತಿರುಗಿತು. ಮಾವು ಹೋಗಿ ಸುಟ್ಟ ಹತ್ತಿ, ಅದರ ಹಿಂದೆಯೇ ಕಟುವಾದದ್ದೇನೋ. ಒಳಗಿನಿಂದ ಸುಯ್ಯೆಂಬ ಸಣ್ಣ ಸದ್ದು. ಕಲ್ಮೇಶ ಕುಂಬಳಕಾಯಿ ಕೈಬಿಟ್ಟು ನುಗ್ಗಿದ, ಮಗುವನ್ನು ಮೊಣಕೈಯಿಂದ ಆಚೆ ತಳ್ಳಿ, ಕೊಳವೆಯನ್ನು ಬರಿಗೈಯಲ್ಲಿ ಕಿತ್ತ. ಅಂಗೈಯ ತೊಗಲು ತಾಮ್ರಕ್ಕೆ ಅಂಟಿಕೊಂಡಿತು. ಹಿತ್ತಲ ಗಾಜಿನ ಬಾಗಿಲು ಅರ್ಧ ತೆರೆದಿತ್ತು, ಅಲ್ಲಿಂದ ಬೀಸಿ ಒಗೆದ. ಹುಲ್ಲಿನ ಮೇಲೆ ಬಿದ್ದು ಎರಡು ಸಲ ಉರುಳಿ, ಢಬ್ಬೆಂದು ಸಿಡಿಯಿತು. ಬೆಂಕಿಯ ನಾಲಗೆ ಮೊಳದೆತ್ತರ ಎದ್ದಿತು. ಹಿತ್ತಾಳೆ ಬಳೆ ಹಾರಿ ಹೋಗಿ ಬೇಲಿಯ ಹಲಗೆಯಲ್ಲಿ ನಾಟಿಕೊಂಡಿತು, ಶ್ರಾವಣಿಯ ಮುಖದಷ್ಟೇ ಎತ್ತರದಲ್ಲಿ.

ಮಗು ಕಿಟಾರನೆ ಕಿರುಚಿತು. ನಮ್ರತಾ ಸೌಟು ಹಿಡಿದೇ ಓಡಿಬಂದಳು. "ಏನದು? ಕಲ್ಮೇಶ್, ಏನು ಬ್ಲಾಸ್ಟ್ ಆಯ್ತು?"

ಅವನು ಉತ್ತರ ಹುಡುಕುವ ಮೊದಲೇ ಅವ್ವ ಎದೆ ಎದೆ ಬಡಿದುಕೊಂಡು ಅಳತೊಡಗಿದಳು. "ನನ್ನಿಂದ ಆತವ್ವಾ! ನಾ ತಿಳಿಗೇಡಿ, ನೀರ ಹಾಕಿ ತೊಳದೆ. ಅವನ ಆಫೀಸಿನ ಸಾಮಾನ ಹಾಳ ಮಾಡಿದೆ. ನನ್ನ ಮೊಮ್ಮಗಳನ್ನ ನಾನ ಕೊಲ್ತಿದ್ದೆ. ಇನ್ನ ಈ ಮನ್ಯಾಗ ಒಂದ ಚಮಚಾನೂ ಮುಟ್ಟಂಗಿಲ್ಲ. ನನ್ನ ಊರಿಗೆ ಕಳಿಸಿಬಿಡ್ರಿ."

ನಮ್ರತಾ ಅತ್ತೆಯ ಬೆನ್ನು ಸವರುತ್ತ ಗಂಡನ ಮುಖ ನೋಡಿದಳು. ಆಫೀಸಿನದು ಅಂತ ಅವಳೂ ನಂಬಿದ್ದಳು. ಹೂಂ ಅಂದುಬಿಟ್ಟರೆ ಮುಗಿಯಿತು! ಇಷ್ಟು ಸಲೀಸಾದ ಸುಳ್ಳು ಜನ್ಮದಲ್ಲಿ ಸಿಗುವುದಿಲ್ಲ, ಹೇಳುವ ಕಷ್ಟವೂ ಇಲ್ಲ, ಸುಮ್ಮನೆ ನಿಂತರೆ ಸಾಕು. ಕಲ್ಮೇಶ ಸುಮ್ಮನೆ ನಿಂತ. ಅಂಗೈ ಧಗಧಗ ಉರಿಯುತ್ತಿತ್ತು. ಅವ್ವ ಹಣೆ ಚಚ್ಚಿಕೊಳ್ಳುತ್ತಿದ್ದಳು. ಬೇಲಿಯಲ್ಲಿ ಬಳೆ ಬಿಸಿಲಿಗೆ ಮಿನುಗುತ್ತಿತ್ತು, ಹುಣಸೆಹಣ್ಣಿನ ಹೊಳಪು ಇನ್ನೂ ಹೋಗಿರಲಿಲ್ಲ.

"ಅವ್ವಾ," ಅಂದ. "ನಿಂದಲ್ಲ ತಪ್ಪು. ಅದು ಆಫೀಸಿಂದಲ್ಲ. ಅದು ನಾ ಸೇದೋದು."

ಅಳು ನಿಂತಿತು. "ಏನ ಸೇದೋದು?"

"ಹೊಗಿ ಅಲ್ಲವ್ವಾ, ಉಗಿ..." ಅಂದವನು ಅಲ್ಲಿಗೇ ನಿಂತ. ಇಷ್ಟು ವರ್ಷ ತನ್ನೊಳಗೆ ಗೆಲ್ಲುತ್ತಿದ್ದ ವಾದ ಬಾಯಿಗೆ ಬಂದಾಗ ಅವನಿಗೇ ಹೇಸಿಗೆಯಾಯಿತು. "ಹೊಗಿನ ಅವ್ವಾ. ಹೊಗಿನ."

ನಮ್ರತಾಳ ಕೈಯ ಸೌಟು ಕೆಳಗಿಳಿಯಿತು. ಮನೆಯಲ್ಲಿ ಹೋಳಿಗೆ ಸೀಯುವ ವಾಸನೆ ತುಂಬಿತು, ಯಾರೂ ಅತ್ತ ಹೋಗಲಿಲ್ಲ.

ಕಲ್ಮೇಶ ಮಂಡಿಯೂರಿ ಕೂತ. "ಇವತ್ತಿಗೆ ಮುಗೀತು. ದೇವರಾಣೆಗೂ ಮುಗೀತವ್ವಾ," ಅನ್ನುತ್ತ, ಬಿಕ್ಕುತ್ತಿದ್ದ ಮಗಳ ನೆತ್ತಿಯತ್ತ ಕೈ ಚಾಚಿದ. ಬೊಬ್ಬೆಯೆದ್ದು ಕೆಂಪಾಗಿದ್ದ ಅದೇ ಕೈ.

ಶಾಂತಾಬಾಯಿ ಮೊಮ್ಮಗಳನ್ನು ಸರಕ್ಕನೆ ಎಳೆದು ಸೆರಗಿನ ಹಿಂದೆ ಹಾಕಿಕೊಂಡಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಅಪ್ಪನ ಎದೆಯ ಫೋಟೋ ಡಾಕ್ಟರು ಬೆಳಕಿಗೆ ಹಿಡಿದ ದಿನ ಇದ್ದ ಹೆದರಿಕೆಯೇ ಈಗ ಮಗನನ್ನು ನೋಡುವಾಗಲೂ ಇತ್ತು.

"ಬ್ಯಾಡಪಾ," ಅಂದಳು. "ಆಣಿ ಗೀಣಿ ಏನೂ ಬ್ಯಾಡ. ಕೂಸಿನ ತಲಿಗೆ ಮಾತ್ರ ಕೈ ಹಚ್ಚಬ್ಯಾಡ."