ಪಿಸ್ತೂಲಿನ ಕಾವಲು ಕೀಲು

ಓಕ್ಲಹೋಮದ ಆ ಹಳೇ ಕಲ್ಲುಕ್ವಾರಿಯಲ್ಲಿ ಶನಿವಾರದ ಗುರಿಪಂದ್ಯ ಶುರುವಾದರೆ, ಹತ್ತು ಮೈಲಿಯಾಚೆಯ ಕೋಳಿಗಳೂ ಮೊಟ್ಟೆ ಇಡುವುದನ್ನು ಸೋಮವಾರಕ್ಕೆ ಮುಂದೂಡುತ್ತಿದ್ದವು. ಅಲ್ಲಿ ಸದಾ ಕೊನೆಯ ಸ್ಥಾನ ದನದ ಮೇವಿನ ಲಾರಿ ಓಡಿಸುವ ಡೆಲ್ಮರ್ ಹ್ಯಾಸ್ಕೆಟ್‌ನದು. ಅವನ ಪಿಸ್ತೂಲಿನ ಟ್ರಿಗರ್ ಎಷ್ಟು ಬಿಗಿ ಎಂದರೆ, ಅವನು ಎಳೆದು ಮುಗಿಸುವಷ್ಟರಲ್ಲಿ ಎದುರಿನ ಕಬ್ಬಿಣದ ತಟ್ಟೆ ತುಕ್ಕು ಹಿಡಿದು ತಾನೇ ಉದುರುತ್ತಿತ್ತು.

ಕಾರಣ, ಕಾರ್ಖಾನೆಯವರು ಒಳಗಿಟ್ಟಿದ್ದ ಒಂದು ಕಾವಲು ಕೀಲು. ಹಿಡಿಯೊಳಗಿನ ಗುಂಡಿನ ಡಬ್ಬಿ, ಅಂದರೆ ಮ್ಯಾಗಜೀನ್, ತೆಗೆದುಬಿಟ್ಟರೆ, ನಳಿಗೆಯಲ್ಲಿ ಗುಂಡು ಉಳಿದಿದ್ದರೂ ಆ ಕೀಲು ಅದನ್ನು ಹಾರಗೊಡುತ್ತಿರಲಿಲ್ಲ. ದೇವರ ವಿಷಯದಲ್ಲಿ ಊರಿಗೆಲ್ಲ ಒಂದೇ ಮಾತು. ಈ ಕೀಲು ತೆಗೆಯಬೇಕೋ ಬೇಡವೋ ಎಂದು ಮಾತ್ರ ಅಣ್ಣತಮ್ಮಂದಿರೇ ಮಾತು ಬಿಟ್ಟಿದ್ದರು.

ಡೆಲ್ಮರ್ ಅದನ್ನು ತೆಗೆಸಲು ಆರ್ವಲ್ ಸ್ಟಕಿಯ ಹತ್ತಿರ ಹೋದ. ಆರ್ವಲ್ ಊರಿನ ಬಂದೂಕು ರಿಪೇರಿಯವನು, ಪಂದ್ಯ ಗೆಲ್ಲುವವನೂ ಅವನೇ. ಆಗಲ್ಲ ಎಂದ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಮುಂದಿನ ಶನಿವಾರ ಡೆಲ್ಮರ್ ಗುಂಡು ತುಂಬಿ ನಿಂತಿದ್ದಾಗ ಆರ್ವಲ್ ಅವನ ಪಿಸ್ತೂಲು ಕಿತ್ತುಕೊಂಡು, ಮ್ಯಾಗಜೀನ್ ಬೀಳಿಸಿ, ನಳಿಗೆಯ ಬಾಯಿಗೆ ತನ್ನ ಎಡ ಅಂಗೈ ಒತ್ತಿ ಟ್ರಿಗರ್ ಎಳೆದ. ಏನೂ ಆಗಲಿಲ್ಲ.

"ನೋಡ್ರಪ್ಪಾ, ನಮ್ ಡೆಲ್ಮರ್‌ಗೆ ಕಾರ್ಖಾನೆಯೋರೇ ಲಂಗೋಟಿ ಕಟ್ಟಿ ಕಳ್ಸವ್ರೆ. ಬಿಚ್ಚಿದ್ರೆ ಮಗು ಒದ್ದೆ ಮಾಡ್ಕೊಳ್ಳುತ್ತೆ."

ತಿನ್ನುತ್ತಿದ್ದ ಮಾಂಸ ಗಂಟಲಿಗೆ ಸಿಕ್ಕುವ ಹಾಗೆ ಜನ ನಕ್ಕರು. ಡೆಲ್ಮರನ ಹೆಂಡತಿ ಲೋರೀನ್ ಕೂಡ ನಕ್ಕಳು. ಊರಿನ ನಗು ಚರ್ಮಕ್ಕೆ ತಾಗಿತು, ಅವಳದು ಮೂಳೆಗೆ. ಆರ್ವಲ್‌ಗೆ ರುಚಿ ಹತ್ತಿ ಬೇಸಿಗೆಯಿಡೀ ಅದೇ ಆಟ ಆಡಿದ. ಚರ್ಚಿನ ಮುದುಕಿಯರೂ ಡೆಲ್ಮರನನ್ನು ಲಂಗೋಟಿ ಎಂದೇ ಕರೆಯತೊಡಗಿದರು.

ಕೊನೆಗೆ ಅವನು ಅಡುಗೆಮನೆಯ ಮೇಜಿನ ಮೇಲೆ ಪಿಸ್ತೂಲು ಬಿಚ್ಚಿ, ತಾನೇ ಆ ಕೀಲು ತೆಗೆದುಬಿಟ್ಟ. ಟ್ರಿಗರ್ ಬೆಣ್ಣೆಯಂತಾಯಿತು. ಗೆದ್ದು ತೋರಿಸಿದ ಮೇಲೇ ಹೇಳಬೇಕೆಂದು ಯಾರಿಗೂ ಬಾಯಿ ಬಿಡಲಿಲ್ಲ.

ಆ ಶನಿವಾರ ಗುಂಡು ತುಂಬಿ ನಿಂತ. ಕೈ ಎತ್ತುವ ಮೊದಲೇ ಆರ್ವಲ್ ಬಂದು ಪಿಸ್ತೂಲು ಕಸಿದ. ಮ್ಯಾಗಜೀನ್ ನೆಲಕ್ಕೆ ಬಿತ್ತು. ತಡಿ ಎನ್ನುವ ಮಾತು ಡೆಲ್ಮರನ ನಾಲಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಆರ್ವಲ್ ಅಂಗೈ ಒತ್ತುತ್ತ ಲೋರೀನ್ ಕಡೆ ಕಣ್ಣು ಹೊಡೆದ. ಅವಳು ಆಗಲೇ ನಗಲು ಶುರುಮಾಡಿದ್ದಳು.

ಡೆಲ್ಮರ್ ತೆರೆದ ಬಾಯಿ ಮುಚ್ಚಿಕೊಂಡ.

ಗುಂಡು ಆರ್ವಲ್‌ನ ಎರಡು ಬೆರಳನ್ನು ಬುಡಸಮೇತ ಕಿತ್ತುಕೊಂಡು ಹೋಗಿ ಕ್ವಾರಿಯ ಗೋಡೆಗೆ ಬಡಿಯಿತು. ಸಾಸಿವೆಕಾಳಿನಷ್ಟು ಸ್ಕ್ರೂವನ್ನೂ ಹಿಡಿದು ಕೂರಿಸುತ್ತಿದ್ದ ಕೈ ಅದು. ಅವನು ಮಂಡಿಯೂರಿ ಕುಸಿದು ಡೆಲ್ಮರನನ್ನೇ ನೋಡಿದ.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು. ನೀನು ಕೇಳ್ಲಿಲ್ಲ."

ಮೇಜಿನ ಬಟ್ಟೆಯಲ್ಲಿ ಕೈ ಸುತ್ತಿ ಆರ್ವಲ್‌ನನ್ನು ಗಾಡಿಗೆ ಹತ್ತಿಸಿದರು. ಆ ಕೈ ಎತ್ತಿ ಹಿಡಿದುಕೊಳ್ಳಲು ಪಕ್ಕದಲ್ಲಿ ಹತ್ತಿ ಕೂತವಳು ಲೋರೀನ್. ಗಂಡನ ಕಡೆ ತಿರುಗಿಯೂ ನೋಡಲಿಲ್ಲ.

ಗಾಡಿಯ ಧೂಳು ಇನ್ನೂ ಇಳಿದಿರಲಿಲ್ಲ. ನೆಲದ ರಕ್ತ ಬೂಟಿಗೆ ತಾಗದಂತೆ ದಾಟಿಕೊಂಡು, ಪಂದ್ಯದ ಅಂಕ ಬರೆಯುವ ರಾಸ್ಕೋ ಹತ್ತಿರ ಬಂದ. ಟ್ರಿಗರ್ ಈಗ ಹೇಗಿದೆ ಎಂದು ಮೆಲ್ಲಗೆ ವಿಚಾರಿಸಿದ. ಬೆಣ್ಣೆ ಎಂದ ಡೆಲ್ಮರ್.

"ನಂದೂ ತೆಗ್ದು ಕೊಡ್ತೀಯೇನಣ್ಣಾ? ಆರ್ವಲ್ ಅಂಗ್ಡಿ ಇನ್ನು ತೆಗ್ಯೋ ಹಂಗೆ ಕಾಣಲ್ಲ."

ಯಾರೂ ಅವನನ್ನು ಅಣ್ಣ ಎಂದದ್ದಿಲ್ಲ. ಗಾಡಿ ಹೋದ ದಾರಿಯನ್ನು ಡೆಲ್ಮರ್ ಒಂದು ಗಳಿಗೆ ನೋಡಿದ. ಆಮೇಲೆ ಕೈ ಚಾಚಿದ. ರಾಸ್ಕೋನ ಹಿಂದೆ ಆಗಲೇ ಸಾಲು ಬೆಳೆದಿತ್ತು.