ಸಜ್ಜಕದಲ್ಲಿ ಬಂದ ದೇವಿ

"ಏ ರಂಡಿ, ದೂರ ನಿಂದ್ರ! ನಿನ್ನ ನೆಳ್ಳ ಒಳಗ ಬಿದ್ದೈತಿ, ನೋಡಲ್ಲಿ."

ಶೆಟ್ಟೆವ್ವ ಸೆಗಣಿ ಬುಟ್ಟಿ ಸಮೇತ ಹಿಂದೆ ಸರಿದಳು. ನೆರಳೂ ಸರಿಯಿತು. ಮೇಲವಂಕಿಯ ರಾಜಪ್ಪ ಗೌಡರ ಹೆಂಡತಿ ಅನ್ನಪೂರ್ಣಾ, ಮಗ ಮುಟ್ಟದೆ ಬಿಟ್ಟಿದ್ದ ರವೆಯ ಸಜ್ಜಕವನ್ನು ಹಿತ್ತಲ ಬಾಗಿಲಲ್ಲಿ ನಿಂತು ಮೇಲಿನಿಂದಲೇ ಅವಳ ಬೋಗುಣಿಗೆ ಸುರಿದಳು.

"ಇಷ್ಟ ತುಪ್ಪಾ ಹಾಕೇನಿ, ನಾಯಿಗಿ ಹಾಕೂದಕ್ಕಿಂತ ನೀ ತಿನ್ನು."

ಕೆಲವು ದಿನಗಳಿಂದ ಈ ಪ್ರೀತಿ ಉಕ್ಕುತ್ತಿತ್ತು. ಬಿಟ್ಟದ್ದಾದರೇನು, ಗೋಡಂಬಿಗೆ ಜಾತಿಯಿಲ್ಲ ಎಂದುಕೊಂಡು ಶೆಟ್ಟೆವ್ವ ದನಗಳ ನಡುವೆಯೇ ಕೂತು ಬೋಗುಣಿ ನೆಕ್ಕಿ ಮುಗಿಸುತ್ತಿದ್ದಳು.

ಅದೇ ದಿನ ಗೌಡರ ಮಗ ಗಜಾನನನನ್ನು ನೋಡಲು ಸಂಕೇಶ್ವರದಿಂದ ಬೀಗರು ಬಂದಿದ್ದರು. ಪಡಸಾಲೆಯಲ್ಲಿ ಚಹಾ ನಡೆದಿತ್ತು. ಅಂಗಳ ಗುಡಿಸುತ್ತಿದ್ದ ಶೆಟ್ಟೆವ್ವನ ಕುತ್ತಿಗೆ ತಾನಾಗಿಯೇ ಬಲಕ್ಕೆ ತಿರುಗಿತು. ಎಡಕ್ಕೆ ಎಳೆದುಕೊಂಡಳು, ಬರಲಿಲ್ಲ. ಕಣ್ಣುಗಳು ಮೇಲೆ ಸಿಕ್ಕಿಕೊಂಡವು. ನಾಲಿಗೆ ಹೊರಬಿತ್ತು. ಕಸಬರಿಗೆ ಕೈಯಿಂದ ಜಾರಿತು.

"ದ್ಯಾಮವ್ವ! ತಾಯಿ ಬಂದಾಳ್ರೋ!" ಬೀಗರ ಜೊತೆ ಚಹಾ ಕುಡಿಯುತ್ತಿದ್ದ ಪೂಜಾರಿ ಬೀರಸಿದ್ದಪ್ಪ ಕೂಗಿದ.

ಗೌಡರು ಟೋಪಿ ತೆಗೆದು ಅಡ್ಡಬಿದ್ದರು. ಮುಂಜಾನೆ ನೆರಳಿಗೆ ಹೆದರಿದ್ದ ಅನ್ನಪೂರ್ಣಾಳೇ ಅವಳ ರಟ್ಟೆ ಹಿಡಿದು ಜಮಖಾನೆಯ ಮೇಲೆ ಕೂರಿಸಿದಳು. ಕಾಲಿಗೆ ನೀರು, ಹಣೆಗೆ ಭಂಡಾರ. 'ಕುತ್ತಿಗಿ ಹರಕೊಂಡ ಹೊಂಟೈತ್ರೋ, ಭಾಡ್ಯಾಗಳ್ರ್ಯಾ' ಎಂದು ಬೈಯಲು ಹೋದರೆ ಶೆಟ್ಟೆವ್ವನ ಬಾಯಿಂದ ಬಂದದ್ದು "ಊಂ... ಳಳಳ" ಅಷ್ಟೇ.

"ಸಂಬಂಧ ಛಲೋ ಐತಿ ಅನ್ನಾಕತ್ತಾಳ ತಾಯಿ," ಪೂಜಾರಿ ಬಿಡಿಸಿ ಹೇಳಿದ.

ಅಷ್ಟು ನೋವಿನಲ್ಲೂ ಅವಳಿಗೆ ನಗು ಬಂತು. ದವಡೆ ನಗಗೊಡಲಿಲ್ಲ. ಉಸಿರು ಗಂಟಲಲ್ಲಿ ಗೊರಗುಟ್ಟತೊಡಗಿದಾಗ ಮಾತ್ರ ಜೀವ ಹಾರಿಹೋದಂತಾಯಿತು. ಇವರು ಆರತಿ ಎತ್ತುತ್ತಲೇ ನನ್ನನ್ನು ಸಾಯಿಸುತ್ತಾರೆ.

ಹೊಸ ಅಂಗಿ ತೊಟ್ಟು ಮೂಲೆಯಲ್ಲಿ ಕೂತಿದ್ದ ಗಜಾನನ ಎದ್ದು ಬಂದ. "ಇಕೀನ ದವಾಖಾನಿಗೆ ಒಯ್ಯೂಣ."

"ಕುಂಡ್ರೋ ಸುಮ್ಮ," ಗೌಡರು ಹಲ್ಲು ಕಡಿದರು.

ಗಜಾನನ ಅಪ್ಪನ ಕಿವಿಗೆ ಬಾಗಿದ. ಪಕ್ಕದಲ್ಲೇ ಇದ್ದ ಶೆಟ್ಟೆವ್ವನಿಗೂ ಕೇಳಿಸಿತು: "ಅಪ್ಪಾ, ಅವ್ವ ಸಜ್ಜಕದಾಗ ಏನ್ ಕಲಸ್ತಾಳ ಅಂತ ಬೀಗರ ಮುಂದ ಹೇಳ್ಲೇನ?"

ಗೌಡರ ಮುಖ ಬೂದಿಯಾಯಿತು. ಶೆಟ್ಟೆವ್ವನನ್ನು ಮಲಗಿಸಿಕೊಂಡು ಬೀಗರ ಕ್ರೂಸರ್ ಗಾಡಿ ಹೊರಡಲು ಸಜ್ಜಾಯಿತು. "ತಾಯಿ ಎಲ್ಲಿ ಹೋದ್ರ ನಾವೂ ಅಲ್ಲಿಗೇ," ಎಂದು ಹುಡುಗಿಯ ಕಾಕಾ ಕೈ ಮುಗಿದು ಹತ್ತಿದ. ಪೂಜಾರಿ ಹತ್ತಿದ. ಗೌಡರೂ ಹತ್ತಲೇಬೇಕಾಯಿತು.

ಗೋಕಾಕದ ದವಾಖಾನೆಯಲ್ಲಿ ಉಳಿದವರನ್ನು ಹೊರಗೆ ನಿಲ್ಲಿಸಿ, ಗಜಾನನ ಗುಳಿಗೆಯ ಪೊಟ್ಟಣವನ್ನು ಡಾಕ್ಟರ್ ವಂದನಾ ಅವರ ಕೈಗಿಟ್ಟ.

"ಇವು ನನ್ನವ್ರಿ. ಇಲ್ಲದ ದನಿ ಕೇಳಸ್ತಿದ್ವು, ಇವನ್ನ ತಗೊಂಡ ಮ್ಯಾಲ ಕಡಿಮಿ ಆಗ್ಯಾವು. ದಿನಾ ನಾನಾ ತಗೋತೇನಿ. ಆದ್ರ ಮನ್ಯಾಗ ನಂಬೂದಿಲ್ಲ. ಬೀಗರ ಮುಂದ ಗೊಂಬಿಹಂಗ ಕುಂಡ್ರಲಿ ಅಂತ ಸಜ್ಜಕದಾಗ ಮತ್ತಷ್ಟ ಅರದ ಹಾಕ್ತಾರ. ಗೊತ್ತಾಗಿ ನಾ ಮುಟ್ಟಲಿಲ್ಲ. ಅದು ಇಕಿ ಹೊಟ್ಟಿಗಿ ಹೋಗತೈತಿ ಅಂತ ತಿಳೀಲಿಲ್ರಿ."

ಡಾಕ್ಟರು ಉಸಿರು, ನಾಡಿ ನೋಡಿ ಇಂಜೆಕ್ಷನ್ ಕೊಟ್ಟರು. "ದೇವರೂ ಅಲ್ಲ, ದೆವ್ವಾನೂ ಅಲ್ಲವ್ವಾ. ಈ ಗುಳಿಗಿ ಕೆಲವರಿಗೆ ಹಿಂಗ ಕುತ್ತಿಗಿ ಹಿಡೀತಾವು. ಈಗ ಇಳೀತೈತಿ. ಆದ್ರ ಮತ್ತ ಹಿಡಿಬಹುದು, ಎದಿ ಬಡತಾನೂ ನೋಡಬೇಕು, ಇವತ್ತ ಇಲ್ಲೇ ಇರು. ಯಾರ ತಿನಿಸಿದ್ರು ಅಂತ ಪೊಲೀಸರಿಗೆ ನೀ ಹೇಳಬೇಕಾಗತೈತಿ."

ಸ್ವಲ್ಪ ಹೊತ್ತಿಗೆ ಕುತ್ತಿಗೆ ಸಡಿಲಿತು. ಶೆಟ್ಟೆವ್ವ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ ನೋಡಿದಳು. ಆಹಾ, ತನ್ನ ಕುತ್ತಿಗೆ, ತನ್ನ ಮಾತು ಕೇಳುತ್ತಿದೆ.

ಡಾಕ್ಟರು ಪಕ್ಕದ ಮಂಚದ ರೋಗಿಯನ್ನು ನೋಡತೊಡಗಿದಾಗ ಹೊರಗಿದ್ದವರು ಒಳಬಂದರು. ಗೌಡರು ಮಂಚದ ಬಳಿ ಬಂದು ಪಿಸುಗುಟ್ಟಿದರು. "ದೇವಿ ಬಂದಿದ್ಲು ಅಂತ ಹೇಳ. ಗುಳಿಗಿ ಸುದ್ದಿ ತಗದಿ, ನಿನ್ನ ಗುಡಸಲಾ ನಮ್ಮ ಜಾಗಾದಾಗ ಇರೂದಿಲ್ಲ."

ಗುಡಿಸಲು ಹೋದರೆ ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು? ಶೆಟ್ಟೆವ್ವ ಎದ್ದು ಕೂತಳು.

"ಆತ್ರಿ," ಎಂದಳು, ಇಡೀ ವಾರ್ಡಿಗೆ ಕೇಳುವಂತೆ. "ದೇವೀನ ಬಂದಿದ್ಲು. ಏ ಪೂಜಾರಿ, ತಾಯಿ ಮಾತ ನೀ ತಪ್ಪ ಬಿಡಿಸಿದಿ. ಖರೆ ಅಪ್ಪಣಿ ಕೇಳು. ಗುಡಸಲದ ಜಾಗಾ ಶೆಟ್ಟೆವ್ವನ ಹೆಸರಿಗೆ ಆಗಬೇಕು. ನಾಳಿಂದ ಸೆಗಣಿ ಗೌಡ್ತಿ ಬಾಚಬೇಕು. ಗೌಡ ನಮ್ಮ ಕೇರಿಗೆ ಬಂದು, ನಮ್ಮ ಹುಡುಗೂರು ಉಂಡು ಬಿಟ್ಟದ್ದನ್ನ ಅಂಗಳದಾಗ ಕುಂತು ತಿನಬೇಕು."

"ಅಪ್ಪಣಿ, ತಾಯಿ!" ರೂಢಿಯಂತೆ ಪೂಜಾರಿ ಕೈ ಜೋಡಿಸಿದ.

ವಾರ್ಡಿನಲ್ಲಿ ನಗು ಎದ್ದಿತು. ಹುಡುಗಿಯ ಕಾಕಾ ಮಾತ್ರ ನಗಲಿಲ್ಲ. "ದೇವಿ ಮಾತ ಮೀರಬಾರದ್ರಿ ಗೌಡ್ರ. ಮೊದಲ ಎಂಜಲಾ ತಿಂದ ಬರ್ರಿ, ಆಮ್ಯಾಲ ಲಗ್ನದ ಮಾತು."

ಗೌಡರ ತಲೆಗೆ ರಕ್ತ ಏರಿತು. "ಎಲ್ಲೀ ದೇವಿ? ಗುಳಿಗಿ ತಿಂದ ಸೊಟ್ಟ ಆಗಿದ್ಲು ರಂಡಿ! ನನ್ನ ಮಗನ ಹುಚ್ಚಿನ ಗುಳಿಗಿ! ನನ್ನ ಹೇಣ್ತಿನಾ ಅರದ ಹಾಕ್ಯಾಳ!"

ಆಡಿದ ಮಾತು ತಮ್ಮ ಕಿವಿಗೇ ಬಿದ್ದಾಗ ಗೌಡರು ಬಾಯಿ ಮುಚ್ಚಿಕೊಂಡರು. ಕಾಕಾ ಮೆಲ್ಲಗೆ ಗಜಾನನನತ್ತ ತಿರುಗಿದ.

"ಹೌದ್ರಿ ಕಾಕಾ, ಗುಳಿಗಿ ನನ್ನವು," ಗಜಾನನ ಅಂದ. "ನೀವು ಕೇಳಿದ್ರ ನಾನಾ ಹೇಳ್ತಿದ್ದೆ."

ಗೌಡರು ಬಾಗಿಲ ಕಡೆ ನೋಡತೊಡಗಿದ್ದರು. ಶೆಟ್ಟೆವ್ವ ಮಂಚದಿಂದ ಇಳಿದಳು. ಗೋಡೆ ಹಿಡಿದು ನಡೆದು, ಬಾಗಿಲು ಮುಚ್ಚಿ ಅಗಳಿ ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು.

"ಡಾಕ್ಟರ್ ಬಾಯಾರ, ಪೊಲೀಸರನ್ನ ಕರೀರಿ," ಎಂದಳು. "ಗೌಡ್ರು ಎಲ್ಲಾ ಒಪ್ಪ್ಯಾರ."