ಇಟಲಿಯ ರೈಲು, ಸೀಮೆ ಹಸು

೧೯೮೬ನೇ ಇಸವಿ ಅಕ್ಟೋಬರ್ ಹತ್ತೊಂಬತ್ತು, ಭಾನುವಾರ, ಬೆಳಗಿನ ಐದೂ ಮುಕ್ಕಾಲು. ಕೊಟ್ಟಿಗೆಯಲ್ಲಿ ಸೀಮೆ ಹಸು ಮೊದಲ ಸಲ ಕೂಗಿತು. ವೆಂಕಟರತ್ನಮ್ಮ ಆಗಲೇ ಎದ್ದು ಮುಖ ತೊಳೆದು ಕಾಫಿ ಕುಡಿದಾಗಿತ್ತು. ಆದರೆ ಬಕೆಟ್ಟು ಹಿಡಿದು ಕೊಟ್ಟಿಗೆಗೆ ಹೋಗಲಿಲ್ಲ. ನಡುಮನೆಯ ಮೇಜಿನ ಮೇಲೆ ಇಟಲಿಯ ಭೂಪಟ ಹರಡಿಕೊಂಡು, ಪೆನ್ಸಿಲು ಹಿಡಿದು ಕೂತೇ ಇದ್ದಳು.

ಬೇತಮಂಗಲದ ಕೆರೆಯ ಕೆಳಗಿನ ಆ ಹಳ್ಳಿಯಿಂದ ಅವಳು ದಿನಾ ಬಸ್ಸು ಹಿಡಿದು ಕೆ.ಜಿ.ಎಫ್‌ಗೆ ಹೋಗುತ್ತಿದ್ದಳು. ಚಿನ್ನದ ಗಣಿಯ ಆಳದಲ್ಲಿ ಬಂಡೆ ಸಿಡಿದಾಗ ಆಗುವ ಕಂಪನವನ್ನು ಅಳೆಯುವ ಪ್ರಯೋಗಾಲಯದಲ್ಲಿ ಅವಳಿಗೆ ಕೆಲಸ. ಆ ವರ್ಷ ಇಟಲಿಯ ತ್ರಿಯೆಸ್ತೆ ಎಂಬ ಊರಿನ ಒಂದು ಸಂಸ್ಥೆಯವರು ಮೂರು ವಾರದ ತರಬೇತಿಗೆ ಅವಳನ್ನು ಆರಿಸಿದ್ದರು. ವಿಮಾನದ ಖರ್ಚೂ ಅವರದೇ. ತರಬೇತಿ ಡಿಸೆಂಬರ್ ಹನ್ನೆರಡಕ್ಕೆ ಮುಗಿಯುತ್ತಿತ್ತು. ಆಮೇಲೆ ಹತ್ತು ದಿನ ರಜೆ ಹಾಕಿ, ರೈಲಿನಲ್ಲಿ ಇಟಲಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ಬರಬೇಕೆಂದು ಅವಳು ನಿಶ್ಚಯಿಸಿದ್ದಳು. ಈವರೆಗೆ ಅವಳು ರಜೆ ಹಾಕಿದ್ದು ಜ್ವರಕ್ಕೆ, ಸಾವಿಗೆ, ನಾಟಿಗೆ, ನಾದಿನಿಯ ಮದುವೆಗೆ. ಬರೀ ನೋಡುವುದಕ್ಕೆಂದು ಇದೇ ಮೊದಲು.

ಭೂಪಟದ ಮೇಲೆ ಪೆನ್ಸಿಲಿನ ಗೆರೆ ತ್ರಿಯೆಸ್ತೆಯಿಂದ ಹೊರಟು ವೆನಿಸ್, ಫ್ಲಾರೆನ್ಸ್, ರೋಮ್ ಮುಟ್ಟಿ ನೇಪಲ್ಸಿಗೆ ಇಳಿಯುತ್ತಿತ್ತು. ಚಳಿಗಾಲದಲ್ಲಿ ಅಲ್ಲಿ ಸಂಜೆ ನಾಲ್ಕೂವರೆಗೆಲ್ಲ ಹೊತ್ತು ಮುಳುಗುತ್ತದೆಂದು ಓದಿ, ಕತ್ತಲಲ್ಲಿ ಓಡುವ ರೈಲುಗಳನ್ನೆಲ್ಲ ಕೈಬಿಟ್ಟಿದ್ದಳು. ಕಿಟಕಿಯಲ್ಲಿ ಏನೂ ಕಾಣದ ಮೇಲೆ ರೈಲು ಹತ್ತಿ ಏನು ಪ್ರಯೋಜನ. ವೆನಿಸಿನಲ್ಲಿ ಆ ಕಾಲಕ್ಕೆ ನೀರು ಬೀದಿಗೇರುವುದುಂಟೆಂದು ತಿಳಿದು ಅಲ್ಲಿಗೆ ಒಂದೇ ರಾತ್ರಿ ಕೊಟ್ಟಿದ್ದಳು. ನೇಪಲ್ಸಿನಿಂದ ವೆಸೂವಿಯಸ್ ಎಂಬ ಜ್ವಾಲಾಮುಖಿ ಬೆಟ್ಟದ ಸುತ್ತ ಹೋಗುವ ಸಣ್ಣ ರೈಲೊಂದಿತ್ತು. ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಬರುವ ಗಾಡಿಯ ಹಾಗೆ ಅದೂ ಹೆಜ್ಜೆಗೊಂದು ಸ್ಟೇಷನ್ನಿನಲ್ಲಿ ನಿಲ್ಲುತ್ತದಂತೆ. ಆ ಬೆಟ್ಟದ ಇಳಿಜಾರಿನಲ್ಲಿ ಹಳೆಯ ವೀಕ್ಷಣಾಲಯ, ಅದರೊಳಗೆ ನೂರು ವರ್ಷಕ್ಕೂ ಹಿಂದೆ ಕೈಯಲ್ಲೇ ಮಾಡಿದ ಕಂಪನಮಾಪಕ. ಅವಳಿಗೆ ನೋಡಬೇಕಿದ್ದದ್ದು ಮುಖ್ಯವಾಗಿ ಅದು. ಇಷ್ಟು ವರ್ಷ ಅವಳು ಅಳೆದದ್ದೆಲ್ಲ ಮನುಷ್ಯರು ಕೊರೆದದ್ದಕ್ಕೆ ನಡುಗಿದ ನೆಲವನ್ನು. ತಾನಾಗಿಯೇ ನಡುಗುವ ನೆಲದ ಮೇಲೆ ಒಂದು ಸಲ ನಿಂತು ಬರಬೇಕಿತ್ತು.

ಹಸು ಮತ್ತೆ ಕೂಗಿತು.

"ಏನೇ, ಅಸು ಕೂಗ್ತಾ ಐತೆ," ಎಂದು ಪಕ್ಕದ ಕೋಣೆಯಿಂದ ಗಂಡ ಬಚ್ಚಪ್ಪನ ದನಿ.

"ಕೇಳಿಸ್ತಾ ಐತೆ."

"ಮತ್ತೆ ಓಗು."

"ನೀವು ಓಗಿ."

ಬಚ್ಚಪ್ಪ ಊರಿನ ಹಾಲು ಸಂಘದ ಅಧ್ಯಕ್ಷ. ಹೈನುಗಾರಿಕೆಯ ಮೇಲೆ ಬೇತಮಂಗಲದಲ್ಲೂ ಕಾಮಸಮುದ್ರದಲ್ಲೂ ಮೈಕು ಹಿಡಿದು ಮಾತಾಡಿದವನು. ಆದರೆ ಹಸುವಿನ ಕೆಚ್ಚಲಿಗೆ ಕೈ ಹಾಕಿದವನಲ್ಲ. ಅವನ ಹಸುವಿನ ಕರು ಹುಟ್ಟಿದ ವಾರದೊಳಗೇ ಸತ್ತಿತ್ತು. ಅಂದಿನಿಂದ ಅದು ರತ್ನಮ್ಮನನ್ನು ಬಿಟ್ಟರೆ ಯಾರಿಗೂ ಹಾಲು ಇಳಿಸುತ್ತಿರಲಿಲ್ಲ. ಹಾಲು ಕರೆಯುವಾಗ ಅವಳು ಉಡುವ ಹಳೆಯ ಹಸಿರು ಸೀರೆಯ ವಾಸನೆ ಅದಕ್ಕೆ ಬೇಕು. ನಾದಿನಿ ಅನಸೂಯಮ್ಮ ಬಂದಾಗ ಅವಳೂ ಆ ಸೀರೆ ಉಟ್ಟೇ ಕರೆಯುತ್ತಿದ್ದಳು. ತರಬೇತಿಯ ಮೂರು ವಾರಕ್ಕೆ ಕಾಮಸಮುದ್ರದಿಂದ ಬಂದಿರಲು ಅವಳು ಒಪ್ಪಿದ್ದಳು. ಆಮೇಲೆ ಅವಳ ಮನೆಯಲ್ಲಿ ರಾಗಿ ಒಕ್ಕಣೆ. ಅತ್ತೆ ಚಿಕ್ಕವೆಂಕಟಮ್ಮನ ಬೆರಳುಗಳು ವಾಯುವಿನಿಂದ ಮಡಚಿಕೊಂಡಿದ್ದವು. ಉಳಿದ ಹತ್ತು ದಿನಕ್ಕೆ ಬಚ್ಚಪ್ಪನೇ ಆಗಬೇಕಿತ್ತು.

ಅದಕ್ಕೆ ಅವನು ಹಿಡಿದ ದಾರಿ ರತ್ನಮ್ಮನಿಗೆ ಗೊತ್ತಾದದ್ದು ಶನಿವಾರ, ಪ್ರಯೋಗಾಲಯದೊಳಗೆ ಕಾಲಿಟ್ಟಾಗ. ಯಂತ್ರಗಳನ್ನು ನೋಡಿಕೊಳ್ಳುವ ಪೆರುಮಾಳ್ ತಲೆಯೆತ್ತಿ ಕೇಳಿದ:

"ಏನ್ ಮೇಡಂ, ಟೂರ್ ಕ್ಯಾನ್ಸಲ್ ಅಂತೆ? ನಮ್ಮನೆಯವಳು ನಿಮಗೆ ಅಂತ ಸ್ವೆಟರ್ ಅರ್ಧ ಹೆಣೆದು ಬಿಟ್ಟವ್ಳೆ. ಅದು ನನ್ನ ತಲೆಗೂ ತೂರಲ್ಲ."

"ಯಾರು ಹೇಳಿದ್ದು?"

"ನಿಮ್ಮ ಯಜಮಾನ್ರೇ. ನಿನ್ನೆ ಬಂದು ಆಫೀಸರ್ ಹತ್ರ ಟೀ ಕುಡಿದು ಹೋದ್ರಲ್ಲ."

ಶುಕ್ರವಾರ ಅವಳು ಅರ್ಧ ದಿನ ರಜೆ ಹಾಕಿ ಬಂಗಾರಪೇಟೆಗೆ ಹೋಗಿದ್ದಳು. ಉಣ್ಣೆ ಕೋಟಿಗೆ ಅಳತೆ ಕೊಡಲೆಂದು ದರ್ಜಿಯ ಮುಂದೆ ಎರಡು ಕೈ ಚಾಚಿ ನಿಂತಿದ್ದಳು. ಅದೇ ಹೊತ್ತಿನಲ್ಲಿ ಇವನು ಇಲ್ಲಿ ಕುರ್ಚಿ ಎಳೆದುಕೊಂಡು ಕೂತು ಅವಳ ಹತ್ತು ದಿನವನ್ನು ಹೊಡೆದು ಹಾಕಿಸಿದ್ದ. ಅವಳು ಸೀದಾ ಆಫೀಸರ ಕೋಣೆಗೆ ನಡೆದಳು.

"ಸಂಸಾರದ ತೊಂದರೆ ಅಂದ್ರಮ್ಮ," ಎಂದರು ಆಫೀಸರು. "ಯಜಮಾನರೇ ಬಂದು ಹೇಳಿದ ಮೇಲೆ ನಿಮ್ಮನ್ನ ಕೇಳೋದೇನು ಅಂತ..."

"ರಜೆ ಬೇಕಿದ್ದದ್ದು ಯಜಮಾನರಿಗಲ್ಲ ಸಾರ್, ನನಗೆ."

ಅವರು ಕನ್ನಡಕ ತೆಗೆದು ಒರೆಸಿದರು. "ಸೋಮವಾರ ಹನ್ನೆರಡಕ್ಕೆ ಇಟಲಿಗೆ ಟೆಲೆಕ್ಸ್ ಹೋಗುತ್ತೆ. ವಾಪಸ್ ಬರೋ ವಿಮಾನ ಯಾವತ್ತಿಂದು ಅನ್ನೋದು ಅದರಲ್ಲಿ ತಿಳಿಸಬೇಕು. ಆಮೇಲೆ ಬದಲಾಯಿಸೋಕೆ ಆಗಲ್ಲ. ಮನೇಲಿ ಮಾತಾಡಿಕೊಂಡು ಬನ್ನಿ."

ಮನೆಯಲ್ಲಿ ಮಾತಾಡಿದ್ದಾಯಿತು. ಬಚ್ಚಪ್ಪ ತಪ್ಪು ಮಾಡಿದವನ ಹಾಗೆ ಕಾಣಲೇ ಇಲ್ಲ.

"ಅವರೆಕಾಯಿ ಕಾಲದಾಗೆ ಯಾರಾನ ಊರು ಬಿಟ್ಟು ಓಗ್ತಾರ?" ಎಂದ. "ಟ್ರೈನಿಂಗ್ ಮುಗಿಸ್ಕೊಂಡು ಬಾ, ಬ್ಯಾಡ ಅಂದೋರು ಯಾರು? ಬೆಟ್ಟ ಅಲ್ಲೇ ಇರ್ತೈತೆ."

"ಆ ಬೆಟ್ಟದ ಇಸ್ಯ ನಿಮಗೆ ಗೊತ್ತಿಲ್ಲ. ನೀವು ಹತ್ತು ದಿನ ಆಲು ಕರೀರಿ."

"ನಿನ್ನ ಸೀರೆ ಉಟ್ಕೊಂಡಾ? ಅಧ್ಯಕ್ಷ ಕಣೇ ನಾನು. ಡೈರಿ ಮುಂದೆ ತಲೆ ಎತ್ಕೊಂಡು ತಿರುಗೋದು ಬ್ಯಾಡ್ವಾ?"

"ಹಂಗಾದ್ರೆ ನಾಳೆ ಬೆಳಿಗ್ಗೆ ನಾನು ಕೊಟ್ಟಿಗೆಗೆ ಓಗಲ್ಲ."

ಅವನು ನಕ್ಕ. "ಓಗ್ತೀಯ. ಅಸು ಎರಡು ಸಲ ಕೂಗಿದ್ರೆ ನಿನ್ ಕೈಯಲ್ಲಿ ಕೂರಕ್ಕಾಗಲ್ಲ."

ರಜೆ ಹೊಡೆದು ಹಾಕಿಸಿದ್ದಕ್ಕಿಂತ ಆ ನಗು ಅವಳನ್ನು ಹೆಚ್ಚು ಸುಟ್ಟಿತು. ಅವನು ಹೇಳಿದ್ದು ನಿಜವಾಗಿತ್ತು. ಅವಳ ಕರುಣೆ ಎಷ್ಟು ಹೊತ್ತು ತಡೆಯುತ್ತದೆಂದು ಅವನಿಗೆ ಸರಿಯಾಗಿ ಗೊತ್ತಿತ್ತು, ಅದನ್ನೇ ಹಗ್ಗ ಮಾಡಿಕೊಂಡು ಅವಳನ್ನು ಕಟ್ಟಿದ್ದ.

ಹಸು ಮೂರನೇ ಸಲ ಕೂಗಿದಾಗ ಅವಳ ಕಾಲುಗಳು ತಾವಾಗಿ ನೆಲ ಊರಿ ಏಳಲು ಸಿದ್ಧವಾದವು. ಕೆಚ್ಚಲು ಬಿಗಿದಿರುತ್ತದೆ, ಮೊಲೆಯಿಂದ ಹನಿ ತೊಟ್ಟಿಕ್ಕುತ್ತಿರುತ್ತದೆ, ಇನ್ನೂ ತಡವಾದರೆ ಬಾವು ಬರುತ್ತದೆ. ಎಲ್ಲವೂ ಅವಳ ಬೆರಳಿಗೆ ಗೊತ್ತು. ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದಳು. ಗಣಿಯಲ್ಲಿ ಮೆತ್ತನೆಯ ಕಲ್ಲು ಸಿಡಿಯುವುದಿಲ್ಲ; ಮೇಲಿನ ಭಾರಕ್ಕೆ ಅದು ದಿನಾ ಅಷ್ಟಷ್ಟೇ ಕುಸಿದು ಸುಮ್ಮನಾಗುತ್ತದೆ. ಸಿಡಿಯುವುದು ಗಟ್ಟಿ ಬಂಡೆ. ವರ್ಷಗಟ್ಟಲೆ ಹೊತ್ತುಕೊಂಡೇ ಇರುತ್ತದೆ, ಬಿರುಕೂ ಕಾಣಿಸುವುದಿಲ್ಲ. ಇಷ್ಟು ದಿನ ಇದನ್ನು ಅವಳು ವರದಿಗಳಲ್ಲಿ ಬರೆದಿದ್ದಳು. ಇಂದು ತನ್ನ ದವಡೆಯಲ್ಲೇ ಕಂಡಳು.

ಚಿಕ್ಕವೆಂಕಟಮ್ಮ ಬಕೆಟ್ಟು ಎತ್ತಿಕೊಂಡು ತಾನೇ ಕೊಟ್ಟಿಗೆಗೆ ಹೋದಳು. ಸ್ವಲ್ಪ ಹೊತ್ತಿಗೆ ಬಕೆಟ್ಟು ಉರುಳಿದ ಸದ್ದು ಕೇಳಿತು. ಮುದುಕಿ ಸೊಂಟ ಹಿಡಿದುಕೊಂಡು ಹಿತ್ತಲ ಬಾಗಿಲಲ್ಲಿ ಬಂದು ನಿಂತಳು.

"ಏನೇ ರತ್ನಿ, ಆ ಮೂಗಪ್ರಾಣಿ ಮೇಲೆ ಯಾಕೆ ಸಿಟ್ಟು ನಿಂಗೆ?"

"ಅದರ ಮೇಲಲ್ಲ ಅತ್ತೆ. ನಿಮ್ಮ ಮಗನ ಮೇಲೆ. ಅಸು ನೋವು ತಿಂತೈತೆ ಅಂತ ಗೊತ್ತಿದ್ದೂ ಮಲಗವ್ರೆ. ನಾನು ಏಳ್ತೀನಿ ಅಂತ ಕಾಯ್ತಾ ಅವ್ರೆ. ನಾನು ಇವತ್ತು ಎದ್ರೆ ಇನ್ಯಾವತ್ತೂ ಇಲ್ಲಿಂದ ಕದಲಂಗಿಲ್ಲ."

ಮುದುಕಿ ಸೊಸೆಯ ಮುಖವನ್ನೂ ಮೇಜಿನ ಮೇಲಿದ್ದ ಭೂಪಟವನ್ನೂ ನೋಡಿದಳು. ಅವಳಿಗೆ ಭೂಪಟ ಅರ್ಥವಾಗಲಿಲ್ಲ, ಮುಖ ಆಯಿತು. ತಂತಿಯ ಮೇಲಿದ್ದ ಹಸಿರು ಸೀರೆಯನ್ನು ಎಳೆದುಕೊಂಡು ಮಗನ ಕೋಣೆಗೆ ನುಗ್ಗಿದಳು.

"ಏಳ್ಲಾ ಬಚ್ಚ. ಉಟ್ಕೋ."

"ಅಮ್ಮಾ, ನೀನೂ ಶುರು ಮಾಡ್ಬ್ಯಾಡ."

"ಅಧ್ಯಕ್ಷನಂತೆ ಅಧ್ಯಕ್ಷ. ಅಸು ಓಟು ಆಕ್ತದೇನ್ಲಾ ನಿಂಗೆ? ಕೆಚ್ಚಲು ಕಲ್ಲಾಗೈತೆ. ಆಲು ಕರ್ಕೊಂಡು ಆಮೇಲೆ ಮಾನ ಉಡುಕುವಂತೆ, ಏಳು."

ನಾಲ್ಕನೆಯ ಸಲ ಹಸು ಕೂಗಿದ್ದು ಕೂಗಿನಂತಿರಲಿಲ್ಲ, ನರಳಿಕೆಯಂತಿತ್ತು. ಕೋಣೆಯೊಳಗೆ ಮಂಚ ಕಿರುಗುಟ್ಟಿತು. ಬಚ್ಚಪ್ಪ ಲುಂಗಿಯ ಮೇಲೆ ಸೀರೆಯನ್ನು ಹೇಗೋ ಸುತ್ತಿಕೊಂಡು, ಸೆರಗನ್ನು ತಲೆಗೆ ಹೊದ್ದು, ಹೆಂಡತಿಯ ಕಡೆ ನೋಡದೆ ನಡುಮನೆ ದಾಟಿ ಹೋದ. ಅವಳೂ ತಲೆಯೆತ್ತಲಿಲ್ಲ.

ಕೊಟ್ಟಿಗೆಯಿಂದ ಮೊದಲು ಒದೆತದ ಸದ್ದು, ಬೈಗುಳ. ಆಮೇಲೆ ಅತ್ತೆಯ ದನಿ: "ಸೆರಗು ಮೂಸಕ್ಕೆ ಕೊಡ್ಲಾ. ಮೆತ್ತಗೆ ಇಡ್ಕೊ, ಅದೇನು ಬಸ್ಸಿನ ಆರನ್ನಾ?"

ಹಾಲು ಇನ್ನೂ ಯಾಕೆ ಬಂದಿಲ್ಲವೆಂದು ನೋಡಲು ಅಷ್ಟರಲ್ಲಿ ಡೈರಿಯ ಮುನಿಶಾಮಿ ಬಂದ. ಕೊಟ್ಟಿಗೆಯೊಳಗೆ ಇಣುಕಿ ಅಲ್ಲೇ ನಿಂತ.

"ಯಾರಮ್ಮೋ ಒಸಬ್ರು? ಅನಸೂಯಕ್ಕ ಇಷ್ಟು ದಪ್ಪ ಆಗ್ಬಿಟ್ಲಾ?"

ಬಚ್ಚಪ್ಪ ತಿರುಗಲಿಲ್ಲ. "ಓಗ್ಲಾ," ಎಂದ ಅಷ್ಟೇ. ಮುನಿಶಾಮಿ ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. ಆ ನಗುವಿನ ನಡುವೆಯೇ ಖಾಲಿ ಬಕೆಟ್ಟಿನ ತಳಕ್ಕೆ ಹಾಲಿನ ಎಳೆ ಬಡಿದ ಸದ್ದು ಕೇಳಿತು. ಒಂದು, ಮತ್ತೊಂದು, ಆಮೇಲೆ ಬಿಡದೆ.

ರತ್ನಮ್ಮ ಮೇಜಿನ ಅಂಚಿನಿಂದ ಕೈ ತೆಗೆದಳು. ಬೆರಳುಗಳಲ್ಲಿ ಮರದ ಗುರುತು ಬಿದ್ದಿತ್ತು. ಗೆದ್ದೆ ಎಂದು ಅವಳಿಗೆ ಅನಿಸಲಿಲ್ಲ. ಇಷ್ಟು ಸುಲಭವಾಗಿತ್ತೇ? ಒಂದು ಸೀರೆ, ಕಾಲು ಗಂಟೆಯ ನಾಚಿಕೆ. ಅವಳು ಜ್ವರದಲ್ಲಿ ಎದ್ದು ಕರೆದ ಬೆಳಗುಗಳು, ಮೊದಲ ಬಸ್ಸು ತಪ್ಪಿ ಬೈಸಿಕೊಂಡ ದಿನಗಳು, ತವರಿನಲ್ಲಿ ಒಂದು ರಾತ್ರಿ ಉಳಿಯಲಾಗದೆ ಹಿಂತಿರುಗಿದ್ದು, ಯಾವುದೂ ಅನಿವಾರ್ಯವಾಗಿರಲಿಲ್ಲ. ಆಗದ ಕೆಲಸವೆಂದು ಅವಳು ನಂಬಿದ್ದು ಬರೀ ಮಾಡದ ಕೆಲಸವಾಗಿತ್ತು. ಸಿಟ್ಟು ಇಳಿಯುವ ಬದಲು ಇನ್ನಷ್ಟು ಆಳಕ್ಕೆ ಹೋಗಿ ಕೂತಿತು.

ಬಚ್ಚಪ್ಪ ಬೆವತು ಒಳಗೆ ಬಂದು ಬಕೆಟ್ಟನ್ನು ಅವಳ ಮುಂದೆ ಇಟ್ಟ. ಸೀರೆ ಮೊಣಕಾಲಿನವರೆಗೆ ಒದ್ದೆಯಾಗಿತ್ತು.

"ಆಯ್ತಾ ನಿನಗೆ ಸಮಾಧಾನ?"

"ಇಲ್ಲ," ಎಂದಳು. "ಇವತ್ತಿಂದ ನಾನು ಓಗೋವರೆಗೂ ದಿನಾ ನೀವೇ ಕರೀರಿ. ಅಸುಗೆ ನಿಮ್ಮ ಕೈ ಗುರ್ತು ಸಿಗಬೇಕು. ನಾಳೆ ಟೆಲೆಕ್ಸಿಗೆ ವಾಪಸ್ ಬರೋದು ಡಿಸೆಂಬರ್ ಇಪ್ಪತ್ತೆರಡನೇ ತಾರೀಕು ಅಂತ ಬರೆಸ್ತೀನಿ."

ಅವನು ಒದ್ದೆ ಸೀರೆಯನ್ನು ಬಿಚ್ಚಿ ತಂತಿಗೆ ಎಸೆದ. ಹೊರಗೆ ಮುನಿಶಾಮಿ ಇನ್ನೂ ನಗುತ್ತಲೇ ಇದ್ದ.

ಅವಳು ಭೂಪಟ ಮಡಚಿಟ್ಟು, ಗೂಡಿನಿಂದ ಅಳತೆಯ ಪಾತ್ರೆ ತಂದು ಹಾಲು ಅಳೆದಳು. ಅವಳ ಕೈಗೆ ಆ ಹಸು ದಿನಾ ಬೆಳಿಗ್ಗೆ ಕೊಡುತ್ತಿದ್ದದ್ದು ಆರು ಲೀಟರ್. ಅಂದು ಬಂದದ್ದು ನಾಲ್ಕು ಲೀಟರ್ ಇನ್ನೂರೈವತ್ತು ಮಿಲಿಲೀಟರ್.